ಮರೆವಿಗೆ ವಯಸ್ಸೊಂದೇ ಕಾರಣವಲ್ಲ

ನಂಬಿಕೆ: ಔಷಧಿ ಹೊಡೆಯುವಾಗ ವಿಷ ಹತ್ತಿ ಆಸ್ಪತ್ರೆ ಸೇರಿದವರು ಅಸಂಬದ್ಧ ಮಾತಾಡಿದರೆ, ವಿಷ ತಲೆಗೇರಿದೆ, ಇನ್ನು ಬುದ್ಧಿ ನೆಟ್ಟಗಾಗದು.

ಹಿರೇಹಳ್ಳಿ, ಗುಬ್ಬಿ, ಕುಣಿಗಲ್ ಕಡೆಯ ರೈತರಿಗೆ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಹೊಸದಲ್ಲ. ಅದು ಮೈಗಿಳಿದರೆ ಅಸಿಟೈಲ್‌ಕೋಲಿನ್ ಎಂಬ ನರರಾಸಾಯನಿಕ ಒಡೆಯದೆ ತುಂಬಿಕೊಳ್ಳುತ್ತದೆ. ಜೊಲ್ಲು ಸುರಿಯುತ್ತದೆ, ಎದೆಯಲ್ಲಿ ನೀರು ಕಟ್ಟಿ ಉಸಿರಾಡಲಾಗುವುದಿಲ್ಲ. ಆಗ ಕೊಡುವುದು ಅಟ್ರೊಪಿನ್ ಇಂಜೆಕ್ಷನ್. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದ ಹಾಗೆ, ಅಸಿಟೈಲ್‌ಕೋಲಿನ್ ಕೂರಬೇಕಾದ ಗ್ರಾಹಕಗಳಲ್ಲಿ ಅದು ಜಾಗ ಹಿಡಿಯುತ್ತದೆ. ತಾನಾಗಿ ಏನೂ ಮಾಡದು, ಬೇರೆಯವರನ್ನೂ ಕೂರಗೊಡದು. ಎದೆ ಒಣಗುತ್ತದೆ, ಜೀವ ಉಳಿಯುತ್ತದೆ.

ಆದರೆ ಅಟ್ರೊಪಿನ್ ಮೆದುಳಿಗೂ ಇಳಿಯುತ್ತದೆ. ಡೋಸ್ ಹೆಚ್ಚಾದಾಗ ರೋಗಿ ಹೊದಿಕೆ ಪರಚುತ್ತಾನೆ, ಗಾಳಿಯಲ್ಲಿ ಇಲ್ಲದ ದಾರ ಎಳೆಯುತ್ತಾನೆ, ಹೆಂಡತಿಯನ್ನೇ ಯಾರು ನೀನು ಅನ್ನುತ್ತಾನೆ. ಕಣ್ಣಿನ ಪಾಪೆ ಅಗಲವಾಗಿರುತ್ತದೆ, ನಾಲಿಗೆ ಒಣಗಿರುತ್ತದೆ. ಬೇಲಿ ಬದಿಯ ಉಮ್ಮತ್ತಿ ಕಾಯಿ ತಿಂದವರಲ್ಲಿ ಕಾಣುವುದೂ ಇದೇ. ಅದರಲ್ಲಿರುವುದೂ ಅಟ್ರೊಪಿನ್ ಮತ್ತು ಸ್ಕೋಪೋಲಮಿನ್. ಅದು ದೆವ್ವ ಮೆಟ್ಟಿದ್ದಲ್ಲ, ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಕೀಟನಾಶಕದ ವಿಷದಿಂದಲೂ ಗೊಂದಲ ಬರಬಹುದು, ಅದನ್ನು ವೈದ್ಯರು ಬೇರ್ಪಡಿಸಿ ನೋಡುತ್ತಾರೆ. ಅಟ್ರೊಪಿನ್‌ನ ಭ್ರಮೆ ಡೋಸ್ ಇಳಿಸಿದಂತೆ ಇಳಿಯುತ್ತದೆ. ಇಂಜೆಕ್ಷನ್ನಿಂದ ಹುಚ್ಚು ಹಿಡಿಯಿತೆಂದು ಜಗಳ ಮಾಡಿ ಮನೆಗೆ ಕರೆದೊಯ್ದರೆ ಜೀವವೇ ಹೋದೀತು.

ನಂಬಿಕೆ: ಅಟ್ರೊಪಿನ್‌ನಂಥ ಮದ್ದು ಇದ್ದ ನೆನಪನ್ನೆಲ್ಲ ಅಳಿಸಿಬಿಡುತ್ತದೆ.

1974ರಲ್ಲಿ ಡ್ರಾಕ್‌ಮನ್ ಮತ್ತು ಲೆವಿಟ್ ಎಂಬ ಅಮೆರಿಕದ ಸಂಶೋಧಕರು ಆರೋಗ್ಯವಂತ ಯುವಕರಿಗೆ ಅದೇ ಬಗೆಯ ಸ್ಕೋಪೋಲಮಿನ್ ಕೊಟ್ಟು ಪರೀಕ್ಷಿಸಿದರು. ಆಗತಾನೆ ಕೇಳಿದ ಕೆಲವು ಅಂಕಿಗಳನ್ನು ಅವರು ಸರಿಯಾಗಿಯೇ ಹೇಳಿದರು. ಸೋತದ್ದು ಹೊಸದನ್ನು ಕಲಿತು ಉಳಿಸಿಕೊಳ್ಳುವಲ್ಲಿ. ಮುಖ್ಯ ಪೆಟ್ಟು ಬೀಳುವುದು ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳುವ ಶಕ್ತಿಗೆ. ಇನ್ನೂ ಗಮನಿಸಬೇಕಾದ್ದು, ಆ ಯುವಕರ ಮರೆವು ಮುಪ್ಪಿನವರ ಮರೆವನ್ನು ಹೋಲುತ್ತಿತ್ತು.

ನಂಬಿಕೆ: ಅರವತ್ತಕ್ಕೆ ಅರಳು ಮರಳು, ಅದಕ್ಕೆ ಮದ್ದಿಲ್ಲ.

ಈ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನಕ್ಕೆ ಮರೆಯುವ ಅಜ್ಜಿಯ ಮಾತ್ರೆ ಕವರ್ ಬಿಚ್ಚಿ ನೋಡುವವರೇ ಕಡಿಮೆ. ತುರಿಕೆಗೆ ಅವಿಲ್, ನರನೋವಿಗೆ ಅಮಿಟ್ರಿಪ್ಟಿಲಿನ್, ಪದೇಪದೇ ಮೂತ್ರಕ್ಕೆ ಹೋಗುವುದಕ್ಕೆ ಆಕ್ಸಿಬ್ಯುಟಿನಿನ್: ಮೂರೂ ಅಸಿಟೈಲ್‌ಕೋಲಿನ್‌ನ ಅದೇ ಗ್ರಾಹಕಗಳನ್ನು ತಡೆಯುವಂಥವು. ಒಂದೊಂದೂ ಬೇರೆ ಬೇರೆ ವೈದ್ಯರು ಬರೆದದ್ದು, ಅವಿಲ್ಲಂತೂ ಚೀಟಿಯೇ ಇಲ್ಲದೆ ಮೆಡಿಕಲ್ ಸ್ಟೋರಿಂದ ತಂದದ್ದಿರಬಹುದು. ಕೂಡಿದರೆ ಪರಿಣಾಮವೂ ಕೂಡುತ್ತದೆ. ಮರೆವಿನ ರೋಗಕ್ಕೆ ಡೊನೆಪೆಜಿಲ್ ಕೊಡುವುದು ಅಸಿಟೈಲ್‌ಕೋಲಿನ್ ಹೆಚ್ಚಿಸಲೆಂದು. ಜೊತೆಗೆ ಈ ಮಾತ್ರೆಗಳೂ ಇದ್ದರೆ ಒಂದು ಏರಿಗೆಳೆದರೆ ಇನ್ನೊಂದು ನೀರಿಗೆಳೆಯುತ್ತದೆ.

ಎಲ್ಲ ಮರೆವೂ ಮಾತ್ರೆಯಿಂದ ಬಂದದ್ದಲ್ಲ. ಹಾಗಂತ ತಾವೇ ನಿಲ್ಲಿಸುವುದೂ ತಪ್ಪು; ಅಮಿಟ್ರಿಪ್ಟಿಲಿನ್ ದಿಢೀರ್ ಬಿಟ್ಟರೆ ತೊಂದರೆಯಾಗುತ್ತದೆ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಒಂದೇ ಕವರಿಗೆ ಹಾಕಿ ತಾಲ್ಲೂಕು ಆಸ್ಪತ್ರೆಯ ವೈದ್ಯರ ಮುಂದೆ ಸುರಿಯಿರಿ, ಇವುಗಳಲ್ಲಿ ನೆನಪಿಗೆ ಅಡ್ಡ ಬರುವುದು ಯಾವುದು, ಬದಲಿ ಇದೆಯೇ ಎಂದು ಕೇಳಿ. ಇಷ್ಟಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ವರೆಗೆ ಹೋಗಬೇಕಿಲ್ಲ.