ಅಂಜುಬುರುಕ ಬೆಕ್ಕನ್ನು ಮನೆಗೆ ತರುವ ಮುನ್ನ

ಜುಮಾ ಮುಗಿಸಿ ಹೊರಬರುವಾಗ ಒಬ್ಬರು ತಡೆದು ಕೇಳಿದರು: "ಉಸ್ತಾದರೇ, ಪ್ರಾಣಿ ಶೆಲ್ಟರ್‌ನಿಂದ ಒಂದು ಬೆಕ್ಕು ತರೋಣ ಅಂತ ಮಕ್ಕಳು ಹಟ ಹಿಡಿದಿದ್ದಾರೆ. ಅದಕ್ಕೆ ಅಸ್ತಮಾ ಇದೆಯಂತೆ, ಮನುಷ್ಯರನ್ನು ಕಂಡರೆ ಅಡಗಿಕೊಳ್ಳುತ್ತದಂತೆ. ತರಬಹುದಾ?" ಧಾರಾಳವಾಗಿ ತನ್ನಿ, ಪ್ರತಿಫಲ ಸಿಗುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸಿದೆ. ಮೂರು ತಿಂಗಳ ನಂತರ ಒಂದು ದಿನ ಫಜ್ರ್‌ಗೆ ಮಸೀದಿಯ ಗೇಟು ತೆರೆಯಲು ಹೋದರೆ ಅಲ್ಲೊಂದು ರಟ್ಟಿನ ಪೆಟ್ಟಿಗೆ. ಒಳಗೆ ಮೂಲೆಗೆ ಅಂಟಿಕೊಂಡು ಕೂತ ಬೆಕ್ಕು, ಪಕ್ಕದಲ್ಲಿ ಅರ್ಧ ಮುಗಿದ ಮಾತ್ರೆಯ ಪಟ್ಟಿ. ಯಾವ ಬೆಕ್ಕೆಂದು ಯಾರೂ ಹೇಳಬೇಕಿರಲಿಲ್ಲ. ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಕೇಳಿದ್ದಕ್ಕೆ ಅರ್ಧ ಉತ್ತರ ಕೊಟ್ಟಿದ್ದೆ. ಉಳಿದರ್ಧ ಇಲ್ಲಿದೆ.

ಬೆಕ್ಕು ಸಾಕಲು ಅಡ್ಡಿಯಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಸಹಾಬಿ ಅಬೂ ಖತಾದ(ರ)ರಿಗೆ ಅವರ ಸೊಸೆ ಕಬ್ಶಾ ವುಝೂಗೆ ನೀರು ಇಟ್ಟಾಗ ಬೆಕ್ಕೊಂದು ಬಂತು. ಅದು ಕುಡಿಯಲೆಂದು ಅವರು ಪಾತ್ರೆಯನ್ನೇ ಬಾಗಿಸಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡಿದಾಗ, ಬೆಕ್ಕು ನಜಸ್ ಅಲ್ಲ, ಅದು ನಿಮ್ಮ ನಡುವೆ ಓಡಾಡಿಕೊಂಡಿರುವ ಜೀವಿ ಎಂದು ಪ್ರವಾದಿ(ಸ)ಯವರು ತಿಳಿಸಿದ್ದನ್ನು ನೆನಪಿಸಿದರು. ಬೆಕ್ಕಿನ ಬೆಲೆ ಪಡೆಯುವುದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಶೆಲ್ಟರ್‌ನವರು ಲಸಿಕೆಯ, ಶಸ್ತ್ರಚಿಕಿತ್ಸೆಯ ಖರ್ಚೆಂದು ಕೇಳುವ ಹಣ ಬೆಕ್ಕಿನ ಬೆಲೆಯಲ್ಲ.

ನಾನು ಹೇಳದೆ ಬಿಟ್ಟದ್ದು ಇನ್ನೊಂದು ಹದೀಸ್. ಬೆಕ್ಕಿನ ಕಾರಣಕ್ಕೆ ಶಿಕ್ಷೆಗೆ ಒಳಗಾದ ಮಹಿಳೆಯ ಬಗ್ಗೆ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಆಕೆ ಬೆಕ್ಕನ್ನು ಹೊಡೆದಳೆಂದು ಅಲ್ಲಿ ಹೇಳಿಲ್ಲ. ಕೂಡಿಹಾಕಿದಳು, ತಾನೂ ಉಣಿಸಲಿಲ್ಲ, ನೆಲದ ಹುಳುಹುಪ್ಪಟೆ ಹುಡುಕಿ ತಿನ್ನಲೂ ಬಿಡಲಿಲ್ಲ. ಬಾಗಿಲು ಮುಚ್ಚಿದ ಕ್ಷಣದಿಂದ ಅದರ ಅನ್ನ ಆಕೆಯ ಹೊಣೆಯಾಯಿತು. ಇಂದು ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಬೆಕ್ಕು ಸಾಕುವ ನಾವೂ ಬಾಗಿಲು ಮುಚ್ಚಿಯೇ ಸಾಕುತ್ತೇವೆ. ಕಾಯಿಲೆಯ ಬೆಕ್ಕಾದರೆ ಅನ್ನದ ಜೊತೆ ಮದ್ದೂ ನಮ್ಮ ಹೊಣೆ.

ಬೆಕ್ಕಿನ ಅಸ್ತಮಾ ಗುಣವಾಗಿ ಹೋಗುವಂಥದ್ದಲ್ಲ, ಹತೋಟಿಯಲ್ಲಿ ಇಡುವಂಥದ್ದು. ನೆಲಕ್ಕೆ ಕುಗ್ಗಿ, ಕತ್ತು ಮುಂದೆ ಚಾಚಿ ಕೆಮ್ಮುತ್ತದೆ. ಗಂಟಲಲ್ಲಿ ಕೂದಲು ಸಿಕ್ಕಿದೆಯೆಂದು ಎಷ್ಟೋ ಜನ ಸುಮ್ಮನಿರುತ್ತಾರೆ. ಸ್ಟಿರಾಯ್ಡ್ ಮಾತ್ರೆ, ಇಲ್ಲವೇ ಪುಟ್ಟ ಮಾಸ್ಕ್ ಜೋಡಿಸಿದ ಇನ್‌ಹೇಲರ್, ಹೆಚ್ಚಾಗಿ ವರ್ಷಗಟ್ಟಲೆ. ಚೇತರಿಸಿತೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು. ಬಾಯಿ ತೆರೆದು ಉಸಿರೆಳೆಯುತ್ತಿದ್ದರೆ ಬೆಳಗಾಗಲೆಂದು ಕಾಯಬಾರದು. ಅಂದಹಾಗೆ, ನಮ್ಮ ಮನೆಗಳಲ್ಲಿ ಹಾಕುವ ಊದು, ಲೋಬಾನದ ಹೊಗೆ, ಸೊಳ್ಳೆ ಬತ್ತಿ, ಸಿಗರೇಟು, ಸಿಂಪಡಿಸುವ ಸುಗಂಧ ಎಲ್ಲವೂ ಇದನ್ನು ಕೆರಳಿಸುತ್ತವೆ. ಅಜ್ಜಿಗೆ ಲೋಬಾನ ಬೇಕೇ ಬೇಕೆಂದಾದರೆ ಆ ಮಾತು ಬೆಕ್ಕು ಬರುವ ಮೊದಲೇ ಇತ್ಯರ್ಥವಾಗಲಿ. ನೆಲ ಒರೆಸುವ ಫಿನೈಲ್ ಬೆಕ್ಕಿಗೆ ವಿಷ. ಮನುಷ್ಯರ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಅದರ ಜೀವ ತೆಗೆಯಬಲ್ಲದು.

ಇನ್ನು ಅದರ ಅಂಜಿಕೆ. ಪೆಟ್ಟಿಗೆಯಲ್ಲಿ ಬಂದ ಬೆಕ್ಕನ್ನು ನಾವೇ ಇಟ್ಟುಕೊಂಡೆವು. ಮೊದಲ ವಾರ ಅದರ ಬಾಲವೂ ಕಾಣಲಿಲ್ಲ. ಒಂದೇ ಕೋಣೆ ಕೊಟ್ಟು, ಅಡಗಲು ಒಂದು ಡಬ್ಬ, ನೀರು, ಮರಳಿನ ತಟ್ಟೆ ಇಟ್ಟೆವು. ತಟ್ಟೆ ಊಟದಿಂದ ದೂರವಿರಬೇಕು. ಎಳೆದು ಹೊರತೆಗೆಯಬೇಡಿ ಎಂದು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಿದೆ. ನನ್ನ ಹೆಂಡತಿ ದಿನವೂ ಒಂದೇ ಹೊತ್ತಿಗೆ ಊಟ ಇಟ್ಟು, ಅದರತ್ತ ನೋಡದೆ ನೆಲದ ಮೇಲೆ ಕೂತು ತಸ್ಬೀಹ್ ಹೇಳುತ್ತಿದ್ದಳು. ಬೆಕ್ಕಿನ ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಿದರೆ ಅದಕ್ಕೆ ಬೆದರಿಕೆಯಂತೆ ಕಾಣುತ್ತದೆ. ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆದರೆ ಭಯವಿಲ್ಲವೆಂದು ತಿಳಿಯುತ್ತದೆ. ಹೀಗೆ ವಾರಗಳು ಹಿಡಿಯುತ್ತವೆ, ಕೆಲವಕ್ಕೆ ತಿಂಗಳುಗಳು. ಅಡಗಿದರೆ ಚಿಂತೆಯಿಲ್ಲ, ಊಟ ಬಿಟ್ಟರೆ ಚಿಂತಿಸಬೇಕು. ಒಂದೆರಡು ದಿನ ಏನೂ ತಿನ್ನದ ಬೆಕ್ಕಿನ ಯಕೃತ್ತಿಗೇ ಅಪಾಯ.

ಕಷ್ಟ ಇರುವುದು ಇವೆರಡೂ ಸೇರಿದಾಗ. ಮದ್ದಿಗಾಗಿ ದಿನವೂ ಹಿಡಿದರೆ ಭಯ ಹೆಚ್ಚುತ್ತದೆ, ಭಯಕ್ಕೆ ಬಿಟ್ಟರೆ ಉಸಿರು ಕಟ್ಟುತ್ತದೆ. ಆ ಕುಟುಂಬ ಸೋತದ್ದು ಇಲ್ಲೇ ಇರಬೇಕು. ನಾವು ವೈದ್ಯರನ್ನು ಕೇಳಿ ಮಾತ್ರೆಯನ್ನು ಬೇಯಿಸಿದ ಮೀನಿನ ಚೂರಿನಲ್ಲಿ ಅಡಗಿಸಿದೆವು. ಮಾಸ್ಕನ್ನು ಮೊದಲು ಊಟದ ತಟ್ಟೆಯ ಪಕ್ಕ ಬರೀ ಇಟ್ಟೆವು, ಆಮೇಲೆ ಮೂತಿಗೆ ಮುಟ್ಟಿಸಿದೆವು, ಕೊನೆಗೆ ಕೆಲವು ಉಸಿರು ಎಳೆಯುವಷ್ಟು ಹೊತ್ತು ಹಿಡಿದೆವು. ಅಲ್ಲಿಯವರೆಗೆ ಮಾತ್ರೆ ತಪ್ಪಿಸಲಿಲ್ಲ. ಅಡಗುವ ಡಬ್ಬದೊಳಗೆ ಕೈಹಾಕಿ ಮದ್ದು ಕೊಡಲಿಲ್ಲ. ಆ ಜಾಗ ಅದರದ್ದೇ ಆಗಿರಬೇಕು.

ಈಗ ಫಜ್ರ್ ಆದ ಮೇಲೆ ಒಮ್ಮೆ, ಮಗ್ರಿಬ್ ಆದ ಮೇಲೆ ಒಮ್ಮೆ ಇನ್‌ಹೇಲರ್ ಕೊಡುತ್ತೇವೆ. ರಮಝಾನ್‌ನಲ್ಲಿ ಇಫ್ತಾರ್ ಗಡಿಬಿಡಿಯಲ್ಲಿ ಮರೆಯಬಾರದೆಂದು ಆ ಕೆಲಸ ದೊಡ್ಡ ಮಗಳು ವಹಿಸಿಕೊಂಡಿದ್ದಾಳೆ. ಊರಿಗೆ ಹೋಗುವಾಗ ಮಾತ್ರ ಪಕ್ಕದ ಮನೆಯವರು ಬರುತ್ತಾರೆ. ಅವರಿಗೂ ತಿಂಗಳು ಮೊದಲೇ ಬಂದು ಬೆಕ್ಕಿನ ಹತ್ತಿರ ಕೂರುವಂತೆ ಹೇಳಿದ್ದೆವು. ಮೊನ್ನೆ ಮತ್ತೊಬ್ಬರು ಅದೇ ಪ್ರಶ್ನೆ ಕೇಳಿದರು. ನೀವು ಉಮ್ರಾಕ್ಕೆ ಹೋದರೆ ಮದ್ದು ಯಾರು ಕೊಡುತ್ತಾರೆ ಎಂದು ಕೇಳಿದೆ. ಮನೆಯಲ್ಲಿ ಮಾತಾಡಿ ಮುಂದಿನ ಜುಮಾಕ್ಕೆ ಹೇಳುತ್ತೇನೆ ಎಂದು ಹೋಗಿದ್ದಾರೆ.