ಪಾಠಾರಂಭದ ಕ್ರಮ

ನಮ್ಮ ಕಾಲೇಜಿನಿಂದ ಹೊರಬೀಳುವ ವಿದ್ಯಾರ್ಥಿಗಳಲ್ಲಿ ಹಲವರು ಮುಂದೆ ಉಪಾಧ್ಯಾಯ ವೃತ್ತಿಯನ್ನು ಕೈಗೊಳ್ಳುವವರು. ಆದುದರಿಂದ ಶಾಲೆಯ ಪಾಠವನ್ನು ಹೇಗೆ ಆರಂಭಿಸಬೇಕೆಂಬುದನ್ನು ಇಲ್ಲಿ ಸ್ವಲ್ಪ ವಿಚಾರ ಮಾಡುವುದು ಅಪ್ರಸ್ತುತವಾಗಲಾರದು.

ಗಂಟೆ ಬಾರಿಸಿದೊಡನೆ ಪಾಠ ಮೊದಲಾಗುವುದಿಲ್ಲ. ಹಿಂದಿನ ಪಾಠದ ಪುಸ್ತಕ ಒಳಗೆ ಹೋಗಬೇಕು, ಈ ಪಾಠದ್ದು ಹೊರಬರಬೇಕು, ಮಾತು ನಿಲ್ಲಬೇಕು, ಹಾಜರಿ ಮುಗಿಯಬೇಕು. ಇದಕ್ಕೊಂದು ಕ್ರಮವಿಲ್ಲದಿದ್ದರೆ 8 ನಿಮಿಷ ಕಳೆದುದೇ ತಿಳಿಯದು. 40 ನಿಮಿಷದ ಪಿರಿಯಡ್ಡಿನಲ್ಲಿ ಇದು ಐದರಲ್ಲೊಂದು ಪಾಲು. ಎಂದರೆ ಐದು ಪಾಠಗಳಿಗೆ ಒಂದು ಪಾಠವೇ ಕಳೆದುಹೋದಂತೆ. ಈ ನಷ್ಟ ಎಲ್ಲರಿಗೂ ಸಮನಲ್ಲ. ಮನೆಯಲ್ಲಿ ಹೇಳಿಕೊಡುವವರಿರುವ ಹುಡುಗ ಅದನ್ನು ತುಂಬಿಕೊಂಡಾನು. ಶಾಲೆಯೊಂದೇ ಆಸರೆಯಾಗಿರುವ ಮಗು ಏನು ಮಾಡಬೇಕು?

ಒಳ್ಳೆಯ ಆರಂಭಕ್ಕೆ ಮೂರು ಅಂಗಗಳಿವೆ. ಮೊದಲನೆಯದು, ನಿನ್ನೆಯ ಪಾಠದ ಮೇಲೆ ಒಂದೆರಡು ಪ್ರಶ್ನೆಗಳು ಕರಿಹಲಗೆಯ ಮೇಲೆ ಸಿದ್ಧವಾಗಿರುವುದು. ತರಗತಿಯಿಂದ ತರಗತಿಗೆ ಓಡುವ ಉಪಾಧ್ಯಾಯರು ಅದನ್ನು ಬರೆಯುವ ಕೆಲಸವನ್ನು ಸರದಿಯಂತೆ ಒಬ್ಬೊಬ್ಬ ವಿದ್ಯಾರ್ಥಿಗೆ ವಹಿಸಬಹುದು. ಮಕ್ಕಳು ಅಪ್ಪಣೆಗೆ ಕಾಯದೆ ಉತ್ತರ ಬರೆಯುತ್ತಿರುವಾಗಲೇ ಹಾಜರಿ ಮುಗಿಯುತ್ತದೆ. ಎರಡನೆಯದು, ಆ ಉತ್ತರಗಳನ್ನು ಸಾಲುಸಾಲಾಗಿ ನೋಡುತ್ತ ಹೋಗುವುದು. ಕೈಯೆತ್ತುವ ಜಾಣರನ್ನೇ ಕೇಳಿದರೆ ತಿಳಿಯದವರು ಯಾರೆಂಬುದು ಗೊತ್ತಾಗುವುದಿಲ್ಲ. ಮೂರನೆಯದು, ನಿನ್ನೆಯ ಪಾಠಕ್ಕೂ ಇಂದಿನದಕ್ಕೂ ಇರುವ ನಂಟನ್ನು ಒಂದು ಮಾತಿನಲ್ಲಿ ತಿಳಿಸುವುದು.

ಮನಸ್ಸಿನಲ್ಲಿ ಮೊದಲೇ ಇರುವ ಅರಿವಿನ ಮೂಲಕವೇ ಹೊಸ ಅರಿವು ನೆಲೆಗೊಳ್ಳುತ್ತದೆಂದು ಜರ್ಮನಿಯ ತತ್ತ್ವಜ್ಞ ಹರ್ಬಾರ್ಟ್ (1776–1841) ಪ್ರತಿಪಾದಿಸಿದನು. ಅವನ ಅನುಯಾಯಿಗಳು ಪಾಠದ ಐದು ಸೋಪಾನಗಳಲ್ಲಿ ‘ಸಿದ್ಧತೆ’ಗೆ ಮೊದಲ ಸ್ಥಾನ ಕೊಟ್ಟರು. ಮಿಸೌರಿ ವಿಶ್ವವಿದ್ಯಾನಿಲಯದ ಗುಡ್ ಮತ್ತು ಗ್ರೌಸ್ ಎಂಬ ವಿದ್ವಾಂಸರು ನಾಲ್ಕನೆಯ ತರಗತಿಯ ಗಣಿತ ಬೋಧನೆಯ ಬಗ್ಗೆ 1979ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಅವರು ಸೂಚಿಸಿದ ಬೋಧನಾಕ್ರಮ ಪ್ರತಿದಿನದ ಮೊದಲ 8 ನಿಮಿಷಗಳನ್ನು ಪುನರಾವಲೋಕನಕ್ಕೆ ಮೀಸಲಿಟ್ಟಿತ್ತು. ಆ ಕ್ರಮವನ್ನು ಒಟ್ಟಾಗಿ ಅನುಸರಿಸಿದ ತರಗತಿಗಳ ಮಕ್ಕಳು ಉಳಿದವರಿಗಿಂತ ಹೆಚ್ಚು ಪ್ರಗತಿ ತೋರಿದರು. ಗದ್ದಲದಲ್ಲಿ ಕಳೆಯುವ 8 ನಿಮಿಷಕ್ಕೆ ಇಂಥ ಬೆಲೆಯಿದೆ!

ಈ ಅಭ್ಯಾಸ ಒಂದೇ ದಿನದಲ್ಲಿ ಬರುವಂಥದಲ್ಲ. ವರ್ಷಾರಂಭದ ವಾರಗಳಲ್ಲಿಯೇ ಅದನ್ನು ಹೇಳಿ, ಮಾಡಿ ತೋರಿಸಿ, ಮತ್ತೆ ಮತ್ತೆ ಮಾಡಿಸಬೇಕು. ಉಪಾಧ್ಯಾಯರೂ ಒಂದು ದಿನವೂ ತಪ್ಪದಂತೆ ಅದಕ್ಕೆ ಬದ್ಧರಾಗಿರಬೇಕು.

ಇದರಿಂದ ಮಕ್ಕಳು ಯಂತ್ರಗಳಾಗುವರೆಂದು ಕೆಲವರು ಆಕ್ಷೇಪಿಸಬಹುದು. ಗಾಯಕನು ಹಾಡುವ ಮುನ್ನ ತಂಬೂರಿಯನ್ನು ಶ್ರುತಿಗೂಡಿಸುತ್ತಾನೆ. ಅದರಿಂದ ಅವನ ಮನೋಧರ್ಮಕ್ಕೆ ಕುಂದು ಬರುವುದಿಲ್ಲ. ಸಣ್ಣ ಸಂಗತಿಗಳು ಅಭ್ಯಾಸಬಲದಿಂದ ನಡೆದರೆ ಮಕ್ಕಳ ಮನಸ್ಸು ಆಲೋಚನೆಗೆ ಬಿಡುವಾಗುತ್ತದೆ.