ಮಗಳು ಮನಶ್ಶಾಸ್ತ್ರ ಓದುತ್ತಾಳಂತೆ, ಮುಂದೇನು?

ಪಿಯುಸಿ ಫಲಿತಾಂಶ ಬಂತೆಂದರೆ ಮನೆಮನೆಯಲ್ಲೂ ಒಂದೇ ಚರ್ಚೆ. ಎಂಜಿನಿಯರಿಂಗೋ, ಬಿ.ಕಾಂ.ಓ, ನರ್ಸಿಂಗೋ? ಈ ಗದ್ದಲದ ನಡುವೆ ಮಗಳು ಮೆಲ್ಲಗೆ, 'ಅಪ್ಪಾ, ನಾನು ಬಿ.ಎ.ಗೆ ಸೈಕಾಲಜಿ ತಗೋತೀನಿ' ಎನ್ನುತ್ತಾಳೆ. ಅಪ್ಪ ಪೇಪರಿನಿಂದ ತಲೆ ಎತ್ತುತ್ತಾರೆ. ಅಜ್ಜಿ, 'ಏನೇ, ಹುಚ್ಚರ ಡಾಕ್ಟರಾಗ್ತೀಯಾ?' ಎಂದು ಗಾಬರಿಯಾಗುತ್ತಾರೆ. ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ, ಮಗಳ ಆಸೆಗೆ ತಣ್ಣೀರೆರಚುವ ಮೊದಲು ಈ ಓದು ಎಲ್ಲಿಗೆ ಕರೆದೊಯ್ಯುತ್ತದೆ, ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ತಿಳಿದುಕೊಳ್ಳಿ.

ನಮಗೆ ಹೊಸದಲ್ಲ

ಮನಶ್ಶಾಸ್ತ್ರ ನಮ್ಮ ನಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಇದಕ್ಕೊಂದು ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಡಾ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಹೆಸರಿನ ಬಾನುಲಿ ಕೇಂದ್ರ ಆರಂಭಿಸಿದವರೂ ಇವರೇ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿನ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು.

ಮೂವರ ಕೆಲಸ ಬೇರೆ ಬೇರೆ

ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ, ಮನೋವೈದ್ಯಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿದವರು. ಔಷಧಿ ಬರೆದು ಕೊಡುವವರು ಇವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಎಂದರೆ ಕ್ಲಿನಿಕಲ್ ಸೈಕಾಲಜಿಸ್ಟರು, ಪದವಿಯ ನಂತರ ಹಿರಿಯರ ಉಸ್ತುವಾರಿಯಲ್ಲಿ ಆಸ್ಪತ್ರೆಯ ತರಬೇತಿ ಪಡೆದವರು. ಮನೋಪರೀಕ್ಷೆ ಮತ್ತು ಮಾತಿನ ಮೂಲಕ ನಡೆಯುವ ಮನೋಚಿಕಿತ್ಸೆ ಇವರ ಕೆಲಸ. ಓದು, ಮದುವೆ, ಉದ್ಯೋಗದಂಥ ಸಮಸ್ಯೆಗಳಲ್ಲಿ ದಾರಿ ಕಾಣಲು ನೆರವಾಗುವವರು ಆಪ್ತಸಲಹೆಗಾರರು.

ಇಲ್ಲೇ ಬಹಳ ಮಂದಿ ಎಡವುವುದು. ಬಿ.ಎ. ಮುಗಿದ ಮಾತ್ರಕ್ಕೆ ಬೋರ್ಡು ಹಾಕಿಕೊಂಡು ರೋಗಿಗಳನ್ನು ನೋಡುವಂತಿಲ್ಲ. 1992ರ ಕಾಯಿದೆಯ ಪ್ರಕಾರ ರಚನೆಯಾದ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಕೋರ್ಸು ಮುಗಿಸಿ, ಅದರ ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಿದವರು ಮಾತ್ರ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಿ ವೃತ್ತಿ ನಡೆಸಬಹುದು. ಇದು ಬರೀ ಕಾನೂನಿನ ಮಾತಲ್ಲ. ಸಾಯಬೇಕೆನಿಸುತ್ತಿದೆ ಎಂದು ಬಂದ ವ್ಯಕ್ತಿಯನ್ನು 'ಧೈರ್ಯವಾಗಿರಿ' ಎಂದಷ್ಟೇ ಹೇಳಿ ಕಳಿಸಿದರೆ, ಅವರಿಗೆ ಸಿಗಬೇಕಾದ ಚಿಕಿತ್ಸೆ ತಡವಾಗುತ್ತದೆ. ಆ ತಡದ ಬೆಲೆ ಒಂದು ಜೀವವೇ ಆಗಬಹುದು.

ಮೂರು ವರ್ಷ ಏನು ಮಾಡಬೇಕು?

ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ. 'ಲೆಕ್ಕ ತಪ್ಪಿಸಿಕೊಳ್ಳಲು ಬಿ.ಎ.ಗೆ ಬಂದೆ' ಎನ್ನುವವರಿಗೆ ಇಲ್ಲಿ ನಿರಾಸೆ ಕಾದಿದೆ. ಮನೋಪರೀಕ್ಷೆಯ ಅಂಕಗಳಿಗೆ ಅರ್ಥ ಬರುವುದೇ ಸರಾಸರಿ, ವಿಚಲನೆ, ಸಹಸಂಬಂಧ ಗೊತ್ತಿದ್ದಾಗ. ಪ್ರಯೋಗಾಲಯದಲ್ಲಿ ನೆನಪಿನ ಶಕ್ತಿ, ಗಮನ, ದೃಷ್ಟಿಭ್ರಮೆಗಳ ಪ್ರಯೋಗ ನೀವೇ ಮಾಡಿ. ಗೆಳತಿಯ ರೆಕಾರ್ಡ್ ಪುಸ್ತಕ ನೋಡಿ ನಕಲು ಮಾಡಿದರೆ ಮೋಸ ಹೋಗುವವರು ನೀವೇ.

ಪಠ್ಯಪುಸ್ತಕದಾಚೆ ಉಚಿತವಾಗಿ ಸಿಗುವ ಸಾಮಗ್ರಿಯೂ ಸಾಕಷ್ಟಿದೆ. ಕೇಂದ್ರ ಸರ್ಕಾರದ 'ಸ್ವಯಂ' ತಾಣದಲ್ಲಿ ಮನಶ್ಶಾಸ್ತ್ರದ ಪಾಠಗಳಿವೆ. 'ಇ-ಪಿಜಿ ಪಾಠಶಾಲಾ' ಸ್ನಾತಕೋತ್ತರ ಮಟ್ಟದ್ದಾದರೂ ಅಂತಿಮ ವರ್ಷದವರಿಗೆ ಉಪಯುಕ್ತ. ಸಂಶೋಧನೆ ಹೇಗೆ ಮಾಡುತ್ತಾರೆಂದು ತಿಳಿಯಲು 'ಶೋಧಗಂಗಾ'ದಲ್ಲಿ ಪಿಎಚ್.ಡಿ. ಪ್ರಬಂಧಗಳನ್ನು ತೆರೆದು ನೋಡಬಹುದು.

ಕನ್ನಡದಲ್ಲಿ ಓದುವುದನ್ನು ಬಿಡಬೇಡಿ. ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಅನೇಕ ಪುಸ್ತಕಗಳು ಗ್ರಂಥಾಲಯಗಳಲ್ಲಿ ಸಿಗುತ್ತವೆ. ನಾಳೆ ನಿಮ್ಮೆದುರು ಕೂರುವವರು 'ನನಗೆ ಆಂಕ್ಸೈಟಿ' ಎಂದೇ ಹೇಳುವುದಿಲ್ಲ. 'ಎದೆ ಢವಢವ ಅಂತದೆ, ಹೊಟ್ಟೇಲಿ ಏನೋ ಸಂಕಟ' ಎನ್ನುತ್ತಾರೆ. ಆ ಮಾತು ಅರ್ಥವಾಗದವರಿಗೆ ಇಂಗ್ಲಿಷ್ ಪುಸ್ತಕವೊಂದೇ ನೆರವಾಗದು.

ರಜೆಯಲ್ಲಿ ವಿಶೇಷ ಮಕ್ಕಳ ಶಾಲೆ, ವೃದ್ಧಾಶ್ರಮಗಳಲ್ಲಿ ಕೆಲವು ದಿನ ಸೇವೆ ಸಲ್ಲಿಸಿ. ಈ ವೃತ್ತಿಗೆ ಬೇಕಾದ ತಾಳ್ಮೆ ನಿಮ್ಮಲ್ಲಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ.

ಓದುವವರ ಮನಸ್ಸು

ವೈದ್ಯ ವಿದ್ಯಾರ್ಥಿಗಳಿಗೆ ತಾವು ಓದಿದ ಕಾಯಿಲೆಗಳೆಲ್ಲ ತಮಗೇ ಇವೆ ಅನಿಸುವುದುಂಟು. ಮನೋರೋಗಗಳ ಅಧ್ಯಾಯ ಓದುವಾಗ ನಿಮಗೂ ಹಾಗೆ ಅನಿಸಬಹುದು; ಗಾಬರಿ ಬೇಡ. ಅಪ್ಪನ ಕೋಪಕ್ಕೆ, ತಮ್ಮನ ತುಂಟತನಕ್ಕೆ ಕಾಯಿಲೆಯ ಹೆಸರಿಡಲೂ ಹೋಗಬೇಡಿ. ಆದರೆ ಬೇಸರ, ನಿದ್ರಾಹೀನತೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ದಾಟಿದರೆ ವೈದ್ಯರನ್ನು ಕಾಣಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ 'ಟೆಲಿ ಮಾನಸ್'ನ 14416 ಸಂಖ್ಯೆಗೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ಮುಂದಿನ ದಾರಿಗಳು

ಚಿಕಿತ್ಸೆಯೊಂದೇ ದಾರಿಯಲ್ಲ. ಎಂ.ಎಸ್.ಡಬ್ಲ್ಯೂ. ಮಾಡಿ ಆಸ್ಪತ್ರೆ, ಸಮುದಾಯಗಳಲ್ಲಿ ಸಮಾಜ ಕಾರ್ಯಕರ್ತರಾಗಬಹುದು. ವಿಶೇಷ ಶಿಕ್ಷಣದ ಬಿ.ಎಡ್. ಮಾಡಿ ಶಿಕ್ಷಕರಾಗಬಹುದು. ಎಂ.ಎ. ನಂತರ ಶಾಲಾ ಆಪ್ತಸಲಹೆ, ಬೋಧನೆ, ಸಂಶೋಧನೆ, ಕಂಪನಿಗಳ ಸಿಬ್ಬಂದಿ ವಿಭಾಗಗಳಿವೆ. ಬಳ್ಳಾರಿಯಲ್ಲಿ ನಡೆದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ದೇಶದಲ್ಲಿ ಜಾರಿಗೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲೂ ಮನಶ್ಶಾಸ್ತ್ರಜ್ಞರಿಗೆ ಸ್ಥಾನವಿದೆ.

ಚಿಕಿತ್ಸಾ ಕೋರ್ಸುಗಳ ಸ್ವರೂಪ ಇತ್ತೀಚಿನ ವರ್ಷಗಳಲ್ಲಿ ಬದಲಾಗುತ್ತಿದೆ. ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಎರಡು ಪ್ರಶ್ನೆ ಕೇಳಿ: ಈ ಸಂಸ್ಥೆ, ಈ ಕೋರ್ಸು, ಈ ವರ್ಷ ಪರಿಷತ್ತಿನ ಮಾನ್ಯತಾ ಪಟ್ಟಿಯಲ್ಲಿದೆಯೇ? ರೋಗಿಗಳೊಂದಿಗೆ ಉಸ್ತುವಾರಿಯ ತರಬೇತಿ ಎಲ್ಲಿ, ಎಷ್ಟು ದಿನ? ಉತ್ತರ ಬಾಯಿಮಾತಿನಲ್ಲಿ ಬಂದರೆ ಸಾಲದು. ಪಟ್ಟಿಯನ್ನು ಪರಿಷತ್ತಿನ ಜಾಲತಾಣದಲ್ಲೇ ನೋಡಿ. ಕೆಲವೇ ವಾರಗಳಲ್ಲಿ 'ಥೆರಪಿಸ್ಟ್' ಮಾಡುತ್ತೇವೆನ್ನುವ ಜಾಹೀರಾತುಗಳಿಂದ ದೂರವಿರಿ.

ತಂದೆತಾಯಿಯರೇ, ಈ ಓದು ದೀರ್ಘ. ಪದವಿ ಮೂರು ವರ್ಷ, ಸ್ನಾತಕೋತ್ತರ ಎರಡು ವರ್ಷ, ಆಮೇಲೆ ತರಬೇತಿ. ಖರ್ಚಿನ ಲೆಕ್ಕವನ್ನು ಈಗಲೇ ಮಗಳೊಂದಿಗೆ ಕೂತು ಹಾಕಿ. ಪದವಿ ಮುಗಿದ ಮರುದಿನವೇ 'ಸಂಬಳ ಎಷ್ಟು?' ಎಂದು ಕೇಳಬೇಡಿ. ಇನ್ನು ಅಜ್ಜಿಗೆ ಏನು ಹೇಳುವುದು? 'ಹುಚ್ಚರ ಡಾಕ್ಟರಲ್ಲ ಅಜ್ಜಿ, ನೊಂದವರ ಮಾತು ಕೇಳುವುದನ್ನು ಕಲಿಯಲು ಹೋಗುತ್ತಿದ್ದೇನೆ' ಎಂದು ಮಗಳೇ ಹೇಳಲಿ.